ನೀಲವ್ವನ ಏಕಾದಶಿ

ಹೊಸ ಊರಿಗೆ ಬಂದಿಳಿದ ಮನುಷ್ಯ ಒಳ್ಳೆಯ ಊಟ ಎಲ್ಲಿ ಸಿಗುತ್ತದೆಂದು ಯಾರನ್ನು ಕೇಳುತ್ತಾನೆಂಬುದನ್ನು ನೀವು ಎಂದಾದರೂ ಗಮನಿಸಿದ್ದೀರಾ? ಅಂಗಡಿಯವನನ್ನು ಕೇಳುವುದಿಲ್ಲ, ಪೋಲೀಸನನ್ನಂತೂ ಮೊದಲೇ ಇಲ್ಲ. ಬಸ್ಸಿನಿಂದಿಳಿದು, ಟ್ರಂಕನ್ನು ಕಾಲ ಬಳಿ ಇಟ್ಟುಕೊಂಡು, ಸುತ್ತಲೂ ಒಮ್ಮೆ ಕಣ್ಣಾಡಿಸಿ, ಯಾರ ಅಂಗಿಯ ಗುಂಡಿಗಳು ಹೊಟ್ಟೆಯ ಮೇಲೆ ಸಂಕಟಪಡುತ್ತಿವೆಯೋ ಅವನ ಕಡೆಗೆ ನೇರವಾಗಿ ನಡೆದು ಬರುತ್ತಾನೆ. ಅರವತ್ತರ ದಶಕದ ದಾಂಡೇಲಿಯಲ್ಲಿ ಆ ಗುಂಡಿಗಳು ನನ್ನವಾಗಿದ್ದವು.

ನಾನು ಆಗ ಕಾಗದದ ಕಾರ್ಖಾನೆಯ ಉಗ್ರಾಣದಲ್ಲಿ ಕಾರಕೂನ. ಧಾರವಾಡದ ಕಡೆಯ ಹಳ್ಳಿಯಿಂದ ಬಂದು, ಬಂಗೂರನಗರದ ಒಂದು ಕೋಣೆಯಲ್ಲಿ ಒಬ್ಬಂಟಿಗನಾಗಿ ನೆಲೆಸಿದ್ದೆ. ಬೆಂದ ಬಿದಿರಿನ ವಾಸನೆ ಹಗಲಿಡೀ ಮೂಗಿನಲ್ಲಿ ತುಂಬಿರುತ್ತಿದ್ದರೂ ನನ್ನ ನಾಲಗೆ ಮಾತ್ರ ತನ್ನ ಸ್ವಾತಂತ್ರ್ಯವನ್ನು ಕಾಪಾಡಿಕೊಂಡಿತ್ತು. ಯಂತ್ರ ಜೋಡಿಸಲು ಬರುವ ಇಂಜಿನಿಯರರು, ಬಿದಿರಿನ ಗುತ್ತಿಗೆದಾರರು, ಕಾಗದದ ವ್ಯಾಪಾರಿಗಳು, ಹೀಗೆ ವಾರಕ್ಕೆ ಮೂರು ನಾಲ್ಕು ಜನ ಉಗ್ರಾಣದ ಕಿಟಕಿಗೆ ಬಂದು, ಕೆಲಸದ ಮಾತು ಮುಗಿಸಿ, ಕೊನೆಗೆ ದನಿ ತಗ್ಗಿಸಿ ಊಟದ ಮಾತು ತೆಗೆಯುತ್ತಿದ್ದರು. ನಾನು ಲೇಖನಿ ಕೆಳಗಿಡುತ್ತಿದ್ದೆ. ಸರಕಾರಿ ಕಾಗದಕ್ಕೆ ಸಹಿ ಹಾಕುವಾಗಲೂ ನನಗೆ ಅಷ್ಟು ಗಾಂಭೀರ್ಯ ಬರುತ್ತಿರಲಿಲ್ಲ. ಹಳಿಯಾಳದ ಮೇಲೆ ಹೋಗುವವರಿಗೆ ಬಸ್‌ಸ್ಟ್ಯಾಂಡಿನ ಎದುರಿನ ಮೆಣಸಿನಕಾಯಿ ಭಜಿ; ಮುಂಡಗೋಡದ ಕಡೆಯವರಿಗೆ ಅಲ್ಲಿಯ ಹೊಸ ಅಕ್ಕಿಯ ಅನ್ನ ಮತ್ತು ಗಟ್ಟಿ ಮೊಸರು; ಜೋಯಿಡಾದ ಹಾದಿ ಹಿಡಿದವರಿಗೆ ಕೊಂಕಣಿ ದಂಪತಿಗಳಿಬ್ಬರು ತಮ್ಮ ಮನೆಯ ಜಗಲಿಯಲ್ಲೇ ಬಡಿಸುತ್ತಿದ್ದ ಕೆಂಪಕ್ಕಿಯ ಊಟ. ಕೇಳದವರಿಗೂ ಹೇಳುತ್ತಿದ್ದೆನೆಂದು ಗೆಳೆಯರು ಆಡಿಕೊಳ್ಳುತ್ತಿದ್ದರು. ಅದು ಅಪಪ್ರಚಾರವಲ್ಲ.

ನನ್ನ ಶಿಫಾರಸುಗಳಿಂದ ಆಘಾತಗಳಾಗಲಿಲ್ಲವೆಂದಲ್ಲ. ಬೆಳಗಾವಿಯ ವ್ಯಾಪಾರಿಯೊಬ್ಬರು, ಬಹಳ ಆಚಾರವಂತರು, ಜೋಯಿಡಾದ ಊಟ ಶಾಕಾಹಾರವೇ ಎಂದು ಎರಡು ಸಲ ಕೇಳಿದ್ದರಂತೆ. ನಾನು ಆ ಹೊತ್ತಿಗೆ ಸಾರಿನ ವರ್ಣನೆಯಲ್ಲಿ ಮುಳುಗಿದ್ದರಿಂದ ಎರಡು ಸಲವೂ ತಲೆಯಾಡಿಸಿದ್ದೆನಂತೆ. ತಾಟಿನೊಳಗಿಂದ ಕಾಳಿ ನದಿಯ ಮೀನೊಂದು ಅವರನ್ನು ದಿಟ್ಟಿಸಿ ನೋಡಿತು. ಕಣ್ಣು ಕಣ್ಣು ಕೂಡಿದ ಆ ಸಂಧಿ ಯಾವ ವ್ಯಾಕರಣಕ್ಕೂ ಒಪ್ಪುವಂಥದ್ದಾಗಿರಲಿಲ್ಲ. ಅವರು ಮುಂದೆ ದಾಂಡೇಲಿಗೆ ಬಂದಾಗಲೆಲ್ಲ ಊಟದ ಡಬ್ಬಿಯನ್ನು ಊರಿನಿಂದಲೇ ತರತೊಡಗಿದರು. ಮೈಸೂರಿನ ಕಡೆಯ ಇನ್ನೊಬ್ಬ ಇಂಜಿನಿಯರರು ನಮ್ಮ ಕೆಂಪು ಚಟ್ನಿಯನ್ನು ಗೊಜ್ಜೆಂದು ತಿಳಿದು ಅನ್ನಕ್ಕೆ ಕಲಸಿಕೊಂಡು, ಒಂದು ತಂಬಿಗೆ ನೀರು ಕುಡಿದು ನನ್ನ ಕಿಟಕಿಗೆ ಓಡಿ ಬಂದು, ಕಣ್ಣಲ್ಲಿ ನೀರು ಸುರಿಸುತ್ತ, "ಏನ್ ಸ್ವಾಮಿ, ನಮ್ಮನ್ನ ಊಟಕ್ಕೆ ಕಳಿಸಿದ್ರೋ, ಸಾಯೋಕೆ ಕಳಿಸಿದ್ರೋ?" ಎಂದು ಕೇಳಿದ್ದರು. ನಾನು ನಕ್ಕಿದ್ದೆ. ಪರರ ಆಘಾತವು ಒಳ್ಳೆಯ ಹಾಸ್ಯವಸ್ತು; ಅದು ನಮ್ಮ ಮನೆಗೇ ಬಂದು ಕದ ತಟ್ಟುವ ತನಕ.

ಆ ಕೆಂಪು ಚಟ್ನಿ ನೀಲವ್ವನ ಖಾನಾವಳಿಯದು. ದಾಂಡೇಲಿಯ ಮಟ್ಟಿಗೆ ನನ್ನ ಶಿಫಾರಸು ಒಂದೇ ಒಂದು, ಅದು ನೀಲವ್ವ. ಹಳಿಯಾಳದ ಹತ್ತಿರದ ಹಳ್ಳಿಯ ಈ ಹೆಣ್ಣುಮಗಳು ಗಂಡ ತೀರಿಹೋದ ಮೇಲೆ ಇಲ್ಲಿಗೆ ಬಂದು, ಎರಡು ಕೋಣೆಯ ಮನೆ ಹಿಡಿದು, ಕಾರ್ಖಾನೆಯ ಹದಿನೈದಿಪ್ಪತ್ತು ಮಂದಿ ಕೆಲಸಗಾರರಿಗೆ ತಿಂಗಳ ಊಟ ಹಾಕುತ್ತಿದ್ದಳು. ನಾನೂ ಅವರಲ್ಲೊಬ್ಬ. ಹೊರಗಿನ ಕೋಣೆಯಲ್ಲಿ ನಾವು ಸಾಲಾಗಿ ಕೂತರೆ, ಒಳಗಿನಿಂದ ರೊಟ್ಟಿ ಬಡಿಯುವ ಸದ್ದು, ಆಮೇಲೆ ರೊಟ್ಟಿ, ಆಮೇಲೆ ನೀಲವ್ವ, ಈ ಕ್ರಮದಲ್ಲಿ ಹೊರಬರುತ್ತಿದ್ದರು. ಹುಣ್ಣಿಮೆಯ ಚಂದ್ರನನ್ನು ಹೋಲಿಸುವುದಕ್ಕೆ ಕವಿಗಳು ಏನನ್ನಾದರೂ ಹುಡುಕಿಕೊಳ್ಳಲಿ, ನನಗೆ ಆ ಜೋಳದ ರೊಟ್ಟಿ ಸಾಕು. ಎಣ್ಣೆಗಾಯಿ, ಝುಣಕ, ಶೇಂಗಾ ಹಿಂಡಿ, ಮೇಲೆ ಮೊಸರು. ನಾಲ್ಕು ವರ್ಷ ನಾನು ಅಲ್ಲಿ ಉಂಡೆ, ನಾಲ್ಕು ವರ್ಷ ಊರಿಗೆ ಬಂದವರನ್ನೆಲ್ಲ ಅಲ್ಲಿಗೆ ಅಟ್ಟಿದೆ. "ನನ್ನ ಹೆಸರು ಹೇಳ್ರಿ, ಇಲ್ಲ ಅನ್ನೂದಿಲ್ಲ ಆಕಿ" ಎಂದು ಎದೆಯುಬ್ಬಿಸಿ ಹೇಳುತ್ತಿದ್ದೆ. ಆಕೆ ಯಾರಿಗೂ ಇಲ್ಲವೆನ್ನಲಿಲ್ಲ ಎಂಬುದು ನನ್ನ ಹೆಸರಿನ ಮಹಿಮೆಯೆಂದೇ ನಾನು ನಂಬಿದ್ದೆ.

ನನಗೆ ಕನ್ಯೆ ಗೊತ್ತುಮಾಡುವ ಮಾತು ನಡೆದದ್ದು ಆ ಕಾಲದಲ್ಲೇ. ಮುಂಡಗೋಡ ತಾಲೂಕಿನ ಮಳಗಿಯ ಶಿವಲಿಂಗಪ್ಪನವರು ಅಕ್ಕಿಯ ವ್ಯಾಪಾರಿಗಳು, ಮಾತು ಕಡಿಮೆ, ನೋಟ ಹೆಚ್ಚು. ಅವರ ಮಗಳು ಗಿರಿಜೆಯನ್ನು ನಾನು ನೋಡಿ ಬಂದಿದ್ದೆ, ನೋಡಿ ಬಂದಂದಿನಿಂದ ಕಾರ್ಖಾನೆಯ ಭೋಂಗಾ ಕೂಡ ಸುಶ್ರಾವ್ಯವಾಗಿ ಕೇಳತೊಡಗಿತ್ತು. ಇನ್ನು ಅವರು ನನ್ನನ್ನು, ನನ್ನ ಕೆಲಸವನ್ನು, ಕೋಣೆಯನ್ನು ನೋಡಿ ಹೋಗುವುದೊಂದು ಬಾಕಿ. ಒಂದು ರವಿವಾರ ತಮ್ಮನನ್ನೂ ಭಾವಮೈದುನನನ್ನೂ ಕರೆದುಕೊಂಡು ಬಂದರು. ಕೋಣೆಯಲ್ಲಿ ತೋರಿಸುವಂಥದ್ದೇನೂ ಇರಲಿಲ್ಲ. ನನ್ನ ಐಶ್ವರ್ಯವೆಲ್ಲ ಇದ್ದದ್ದು ನೀಲವ್ವನ ಒಲೆಯ ಮೇಲೆ. ಮಧ್ಯಾಹ್ನ ಮೂವರನ್ನೂ ಅಲ್ಲಿಗೇ ಕರೆದೊಯ್ದೆ, ಎಂದಿನಂತೆ ಮುಂಚಿತವಾಗಿ ಒಂದು ಮಾತನ್ನೂ ತಿಳಿಸದೆ.

ನೀಲವ್ವ ಬಾಗಿಲಲ್ಲಿ ನಮ್ಮನ್ನು ನೋಡಿ ಒಂದು ಕ್ಷಣ ನಿಂತಳು. "ಬರ್ರಿ, ಬರ್ರಿ, ಕೈಕಾಲು ತೊಳಕೋರ್ರಿ" ಎಂದಳು. ಆ ಒಂದು ಕ್ಷಣವನ್ನು ನಾನು ನೋಡಿದೆ. ನೋಡಿ, ಸಂತೋಷದ ಆಶ್ಚರ್ಯವೆಂದು ಅರ್ಥ ಮಾಡಿಕೊಂಡೆ. ಊಟ ಅಮೋಘವಾಗಿತ್ತು. ನಾನು ಸ್ವಂತ ಮನೆಯ ಯಜಮಾನನ ಠೀವಿಯಲ್ಲಿ ಕುಳಿತು, "ಮಾವನವರಿಗೆ ಇನ್ನೊಂದು ಹಾಕ್ರಿ ನೀಲವ್ವಾರ, ಕಾಕಾರಿಗೂ ಹಾಕ್ರಿ" ಎಂದು ಒತ್ತಾಯ ಮಾಡುತ್ತಲೇ ಇದ್ದೆ. ಇನ್ನೂ ಮಾವನಾಗದವರನ್ನು ಮಾವನೆಂದು ಕರೆದ ನನ್ನ ಅವಸರಕ್ಕೆ ಶಿವಲಿಂಗಪ್ಪನವರ ಮೀಸೆ ತುಸು ನಕ್ಕಂತೆ ಕಂಡಿತು. ಆಕೆ ಒಳಗೆ ಹೋಗುವುದು, ಒಂದು ರೊಟ್ಟಿ ಹಿಡಿದು ಬರುವುದು, ಮತ್ತೆ ಹೋಗುವುದು. ಯಾರದೋ ರೊಕ್ಕ, ಎಲ್ಲವ್ವನ ಜಾತ್ರೆ ಎಂಬ ಗಾದೆ ನಮ್ಮ ಕಡೆ ಪ್ರತಿಯೊಬ್ಬನ ಬಾಯಲ್ಲೂ ಇದೆ. ನನ್ನ ಬಾಯಲ್ಲಿ ಆಗ ರೊಟ್ಟಿ ಇತ್ತು.

ಊಟವಾಗಿ ಶಿವಲಿಂಗಪ್ಪನವರು ಕೈ ತೊಳೆಯಲು ಹಿತ್ತಲಿಗೆ ಹೋದರು. ಹಿತ್ತಲಿನ ಹಾದಿ ಅಡುಗೆಮನೆಯ ಮೂಲಕವೇ. ಅವರಿಗೆ ಟವೆಲು ಕೊಡೋಣವೆಂದು ನಾನು ಹಿಂದೆಯೇ ಹೋದೆ. ಅವರು ಅಡುಗೆಮನೆಯ ಹೊಸ್ತಿಲಲ್ಲಿ ನಿಂತುಬಿಟ್ಟಿದ್ದರು. ಒಳಗೆ ರೊಟ್ಟಿಯ ಬುಟ್ಟಿ ಬರಿದಾಗಿತ್ತು. ನೀಲವ್ವ ಒಲೆಯ ಮುಂದೆ ಕೂತು, ಝುಣಕದ ಬಟ್ಟಲಿನ ತಳಕ್ಕೆ ನೀರು ಹಾಕಿ ತೊಳೆದು, ಆ ನೀರನ್ನು ಕುಡಿಯುತ್ತಿದ್ದಳು.

"ತಂಗಿ, ನಿಂದು ಊಟ?" ಎಂದರು ಶಿವಲಿಂಗಪ್ಪನವರು.

ಆಕೆ ಗಡಬಡಿಸಿ ಸೆರಗು ಸರಿಮಾಡಿಕೊಂಡು ನಕ್ಕಳು. ಅವರ ಬೆನ್ನ ಹಿಂದೆ ನಾನಿದ್ದದ್ದು ಆಕೆಗೆ ಕಾಣಲಿಲ್ಲ. "ಆಗತೈತ್ರಿ ಯಪ್ಪಾ, ಸಂಜಿಗೆ ಹಿಟ್ಟು ಬೀಸಿಕೊಂಡು ಬಂದ ಮ್ಯಾಲ. ನಮ್ಮ ಪೈಕಿ ಏಕಾದಶಿ ಅನ್ನೂದು ಇಲ್ಲ, ನಿಮಗ ಗೊತ್ತಲ್ರಿ. ಖರೆ ಈ ಕಾರಕೂನರ ದಯಾದಿಂದ ನನಗ ವಾರಕ್ಕ ಎರಡು ಏಕಾದಶಿ ಬರ್ತಾವ!"

ಅದನ್ನು ಆಕೆ ಚೇಷ್ಟೆಗೆಂದೇ ಹೇಳಿದ್ದು. ಆಕೆಯ ದನಿಯಲ್ಲಿ ಒಂದಿಷ್ಟೂ ಕಹಿ ಇರಲಿಲ್ಲ. ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೇನೋ. ನಾನು ಟವೆಲನ್ನು ಕೈಯಲ್ಲೇ ಹಿಡಿದು ಹೊರಗಿನ ಕೋಣೆಗೆ ಹಿಂದಿರುಗಿದೆ. ರೇಶನ್ ಅಂಗಡಿಯ ಮುಂದೆ ಜೋಳಕ್ಕೂ ಪಾಳಿ ಹಚ್ಚಬೇಕಾಗಿದ್ದ ದಿನಗಳವು; ಬೆಳಿಗ್ಗೆ ಆಕೆ ಹಿಟ್ಟು ಅಳೆಯುವುದನ್ನು ನಾನೇ ಎಷ್ಟು ಸಲ ನೋಡಿದ್ದೆ! ತಿಂಗಳ ಗಿರಾಕಿಗಳಿಗೆ ಇಷ್ಟು, ತನಗೆ ಇಷ್ಟು. ಗಿರಾಕಿಗಳ ಪಾಲಿಗೆ ಆಕೆ ಕೈಹಾಕುವವಳಲ್ಲ, ಬಾಗಿಲಿಗೆ ಬಂದವರನ್ನು ತಿರುಗಿ ಕಳಿಸುವವಳೂ ಅಲ್ಲ. ಉಳಿದದ್ದು ಯಾವ ಪಾಲು? ಬಂದವರು ರೊಕ್ಕ ಕೊಡುತ್ತಿದ್ದರು, ನಿಜ; ಆದರೆ ಮಧ್ಯಾಹ್ನ ಒಂದು ಗಂಟೆಗೆ ರೊಕ್ಕವನ್ನು ಬೀಸಿ ಹಿಟ್ಟು ಮಾಡುವ ಕಲ್ಲು ಇನ್ನೂ ಹುಟ್ಟಿಲ್ಲ. ನಾಲ್ಕು ವರ್ಷದ ನನ್ನ ಅತಿಥಿಗಳು ಸಾಲುಗಟ್ಟಿ ಕಣ್ಣ ಮುಂದೆ ಬಂದರು. ಅವರಲ್ಲಿ ಪ್ರತಿಯೊಬ್ಬನೂ ತೃಪ್ತಿಯಿಂದ ತೇಗಿ ಹೋಗಿದ್ದ. ನಮ್ಮ ಕಡೆ ಎದುರಿಗೆ ಬಂದವರನ್ನು ಮೊದಲು ಕೇಳುವ ಮಾತೇ "ಊಟ ಆತೇನ್ರಿ?" ಎಂಬುದು. ಹಾದಿಯಲ್ಲಿ ಹೋಗುವ ಅಪರಿಚಿತನಿಗೂ ಅದನ್ನು ಕೇಳುತ್ತಿದ್ದ ನಾನು, ದಿನಕ್ಕೆರಡು ಹೊತ್ತು ಅನ್ನ ಹಾಕುವವಳನ್ನು ಒಮ್ಮೆಯೂ ಕೇಳಿರಲಿಲ್ಲ.

ಬಸ್‌ಸ್ಟ್ಯಾಂಡಿನ ತನಕ ಮೂವರ ಜೊತೆ ನಡೆದು ಹೋದೆ. ಹಳಿಯಾಳದ ಬಸ್ಸು ಬಂದು ನಿಂತ ಮೇಲೆ ಶಿವಲಿಂಗಪ್ಪನವರು ನನ್ನ ಕಡೆ ತಿರುಗಿದರು.

"ಎಷ್ಟ ವರ್ಷ ಆತ್ರಿ ನೀವು ಅಲ್ಲಿ ಉಣ್ಣಾಕ ಹತ್ತಿ?"

"ನಾಲ್ಕು ಆತ್ರಿ."

"ನಾಲ್ಕ ವರ್ಷದಾಗ ಆಕಿ ಉಂಡದ್ದು ಒಮ್ಮೆರ ನೋಡೀರೇನು?"

ನಾನು ಇಲ್ಲವೆಂದು ತಲೆಯಾಡಿಸಿದೆ.

"ನಮ್ಮ ಹುಡುಗಿನೂ ನಾಳೆ ಬಡಿಸಾಕಿನ ಆಗ್ತಾಳ್ರಿ" ಎಂದು ಮೆಲ್ಲಗೆ ಹೇಳಿ ಅವರು ಬಸ್ಸು ಹತ್ತಿದರು.

ಅಲ್ಲಿಗೆ ಸಂಬಂಧ ಮುರಿಯಿತೆಂದೇ ತಿಳಿದೆ. ಮುರಿಯಬೇಕಾದದ್ದೇ ನ್ಯಾಯವೆಂದೂ ಅನಿಸಿತು. ನ್ಯಾಯವೆನಿಸಿದ್ದರಿಂದ ದುಃಖವೇನೂ ಕಡಿಮೆಯಾಗಲಿಲ್ಲ. ಮರುದಿನ ನಸುಕಿನಲ್ಲೇ ನೀಲವ್ವನ ಮನೆಗೆ ಹೋಗಿ, ಕೋಣೆಯಲ್ಲಿ ಬಾಯಿಪಾಠ ಮಾಡಿಕೊಂಡಿದ್ದ ಕ್ಷಮಾಯಾಚನೆಯನ್ನೆಲ್ಲ ಮರೆತು, "ಯಾಕ ಒಂದ ಮಾತು ಹೇಳಲಿಲ್ರಿ ನನಗ?" ಎಂದು ಆಕೆಯನ್ನೇ ತರಾಟೆಗೆ ತೆಗೆದುಕೊಂಡವನಂತೆ ಕೇಳಿದೆ. ತಪ್ಪು ಮಾಡಿದವನ ದನಿ ಹೀಗೆ ಫಿರ್ಯಾದಿಯ ದನಿಯಾಗುವುದು ಯಾಕೋ ನಾನರಿಯೆ.

ಆಕೆ ಹಿಟ್ಟು ಸಾಣಿಸುವುದನ್ನು ನಿಲ್ಲಿಸಲಿಲ್ಲ. "ನೀವು ಊರ ತುಂಬ ನನ್ನ ಹೆಸರು ಹೇಳಿ ಇಟ್ಟೀರಿ. ಬಂದವರಿಗೆ ಇಲ್ಲ ಅಂದ್ರ ಆ ಹೆಸರೂ ಹೋಗ್ತಿತ್ತು, ನಿಮ್ಮ ಮಾರೀನೂ ಸಣ್ಣ ಆಗ್ತಿತ್ತು. ಹಸಿವಿ ಏನ್ರಿ, ಸಂಜಿತನಕ ಇರತೈತಿ, ಹೋಗತೈತಿ." ಜರಡಿಯನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು. "ಸುಳ್ಳ್ ಯಾಕ ಹೇಳ್ಲಿ. ಒಂದೊಂದ ದಿನಾ ಭಾಳ ತ್ರಾಸ ಆಗ್ತಿತ್ರಿ."

ಆ ಕೊನೆಯ ಮಾತು ಇಂದಿಗೂ ನನ್ನ ಎದೆಯಲ್ಲಿದೆ.

ಅಂದಿನಿಂದ ಕಾರ್ಖಾನೆಗೆ ಹೋಗುವ ಮುಂಚೆ ಆಕೆಯ ಬಾಗಿಲಲ್ಲಿ ನಿಂತು, ಇವತ್ತು ಹೊರಗಿನವರು ಇಷ್ಟು ಮಂದಿ, ಅಥವಾ ಯಾರೂ ಇಲ್ಲ, ಎಂದು ಹೇಳಿ ಹೋಗತೊಡಗಿದೆ. ಮುಂಚೆ ತಿಳಿಸದೆ ಬಂದವರಿಗೆ ಉಗ್ರಾಣದ ಕಿಟಕಿಯಲ್ಲಿ ಬಾಳೆಹಣ್ಣು ಕೊಟ್ಟು ಕಳಿಸುತ್ತಿದ್ದೆ. ನನ್ನ ಕೀರ್ತಿ ಇಳಿಯಿತು. ಹೊಟ್ಟೆಯೂ ತುಸು ಇಳಿಯಿತೆಂದು ಗೆಳೆಯರು ಹೇಳಿದರು. ಹೀಗೆ ಒಂದು ತಿಂಗಳು ಕಳೆದಿರಬಹುದು, ಮಳಗಿಯಿಂದ ಕಾಗದ ಬಂತು. ಸಂಬಂಧ ಬೇಡವೆಂದೇ ಬರೆದಿರಬಹುದೆಂದು ಹೆದರಿ ಹೆದರಿ ಒಡೆದೆ. ಮದುವೆಗೆ ಮುಹೂರ್ತ ನೋಡಿಸಿದ್ದೇವೆ ಎಂದಿತ್ತು. ನಾನು ಅದನ್ನು ಮೂರು ಸಲ ಓದಿ, ವಿಳಾಸ ನನ್ನದೇ ಹೌದೋ ಅಲ್ಲವೋ ಎಂದು ತಿರುಗಿಸಿ ನೋಡಿದೆ.

ಅದರ ಹಿಂದಿನ ಕತೆ ತಿಳಿದದ್ದು ಮದುವೆಯಾದ ಮೇಲೆ, ಗಿರಿಜೆಯ ಬಾಯಿಂದ. ಅವಳ ಅಪ್ಪ ನನಗೆ ಸುಳಿವು ಕೊಡದೆ ಇನ್ನೊಮ್ಮೆ ದಾಂಡೇಲಿಗೆ ಬಂದಿದ್ದರಂತೆ. ಹಿಟ್ಟಿನ ಗಂಟನ್ನು ಕೈಯಲ್ಲಿ ಹಿಡಿದೇ ಖಾನಾವಳಿಗೆ ಹೋಗಿ, ಉಂಡು, ನೀಲವ್ವನನ್ನೂ ಎದುರಿಗೆ ಕೂಡಿಸಿ ಉಣ್ಣಿಸಿ, ಆಮೇಲೆ ಕೇಳಿದ್ದರಂತೆ, ಹುಡುಗ ಹೇಗೆ ಎಂದು. "ಹುಡುಗ ಕೆಟ್ಟಾಂವಲ್ರಿ" ಎಂದಳಂತೆ ಆಕೆ. "ಕಣ್ಣು ತಾಟಿನ ಮ್ಯಾಲಷ್ಟ ಇರ್ತಿದ್ದುವು. ನೀವು ಗದ್ದಾ ಹಿಡದು ಎತ್ತಿದ್ರಿ ನೋಡ್ರಿ, ಈಗ ಒಳಗಿಂದೂ ಕಾಣಾಕ ಹತ್ತೈತಿ. ಹುಡುಗೀನ ಕೊಡ್ರಿ."

ನಾನು ಆಕೆಯನ್ನು ನೂರಾರು ಜನಕ್ಕೆ ಶಿಫಾರಸು ಮಾಡಿದ್ದೆ, ಹೊಟ್ಟೆ ತುಂಬಿದ ಬಾಯಿಂದ. ಆಕೆ ನನ್ನನ್ನು ಒಬ್ಬರಿಗೇ ಶಿಫಾರಸು ಮಾಡಿದಳು. ಯಾವ ಹೊಟ್ಟೆಯಿಂದ ಆ ಮಾತು ಬಂತೆಂದು ಯೋಚಿಸಿದರೆ ನನಗೆ ಈಗಲೂ ದಿಗ್ಭ್ರಮೆಯಾಗುತ್ತದೆ.

ಗಿರಿಜೆ ದಾಂಡೇಲಿಗೆ ಬಂದ ಮೊದಲ ರವಿವಾರ ನೀಲವ್ವ ನಮ್ಮಿಬ್ಬರನ್ನೂ ಊಟಕ್ಕೆ ಕರೆದಿದ್ದಳು. ಗಿರಿಜೆ ಹೊರಗಿನ ಕೋಣೆಯಲ್ಲಿ ನಿಲ್ಲಲೇ ಇಲ್ಲ. ನೇರವಾಗಿ ಒಳಗೆ ಹೋಗಿ ಸೆರಗು ಸಿಕ್ಕಿಸಿಕೊಂಡು ರೊಟ್ಟಿ ಬೇಯಿಸಲು ಕೂತಳು. ಗಿರಾಕಿಗಳೆಲ್ಲ ಉಂಡು ಹೋದರು, ನಾನೂ ಉಂಡೆ. ಆಮೇಲೆ ಒಳಗೆ ಅವರಿಬ್ಬರೂ ಎದುರುಬದುರು ಕೂತರು. ನಾನು ಬಾಗಿಲ ಬಳಿ ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು ಕೂತಿದ್ದೆ. ಆಗ ಬ್ಯಾಗು ಹೆಗಲಿಗೇರಿಸಿದ ಒಬ್ಬರು, ಧೂಳು ತುಂಬಿದ ಬೂಟಿನವರು, ಮೆಟ್ಟಿಲ ಹತ್ತಿರ ಬಂದು, ಇಲ್ಲಿಯ ಊಟ ಬಹಳ ಚಲೋ ಎಂದು ಅಳ್ನಾವರದ ರೈಲಿನಲ್ಲಿ ಯಾರೋ ಹೇಳಿದರು ಎಂದರು.

ಜೀವನದಲ್ಲಿ ಮೊದಲ ಸಲ ನಾನು ಆ ಬಾಗಿಲಲ್ಲಿ ನಿಂತು, "ಇವತ್ತು ಮುಗದೈತ್ರಿ" ಎಂದೆ.

ಅವರಿಗೆ ನಂಬಿಕೆಯಾಗಲಿಲ್ಲ. ಒಳಗಿನಿಂದ ಕಟಕ ರೊಟ್ಟಿ ಮುರಿಯುವ ಸದ್ದೂ ಇಬ್ಬರು ಹೆಂಗಸರ ನಗುವೂ ಸ್ಪಷ್ಟವಾಗಿ ಕೇಳುತ್ತಿದ್ದವು. ಹುಬ್ಬೇರಿಸಿ ಇಣುಕಿ, "ಒಳಗ ಯಾರೋ ಉಣ್ಣಾಕ ಹತ್ಯಾರಲ್ರಿ?" ಎಂದು ಕೇಳಿದರು.

"ಹೌದ್ರಿ," ಎಂದೆ. "ಅಡಗಿ ಮಾಡಿದವರು ಉಣ್ಣಾಕ ಹತ್ಯಾರ."