ಗುಂಡಮ್ಮನ ಚಳಿಗಾಲ

ನನ್ನ ಗಂಡನಿಗೆ ಕರುಣೆಯಿದೆ ಎನ್ನುವುದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಅನುಮಾನ ಇರುವುದು ಅದರ ಆಯಸ್ಸಿನ ಬಗ್ಗೆ. ಅವರ ಕರುಣೆ ಅಂಗಳದಲ್ಲಿ ಹುಟ್ಟಿ, ಹೊಸಿಲು ದಾಟಿ, ನಡುಮನೆಯಲ್ಲಿ ನಾಲ್ಕು ಹೆಜ್ಜೆ ಇಟ್ಟು, ಅಡುಗೆಮನೆಯ ಹತ್ತಿರ ಬರುವಷ್ಟರಲ್ಲಿ ನನ್ನ ಕೆಲಸವಾಗಿಬಿಟ್ಟಿರುತ್ತದೆ. ರಸ್ತೆ ಬದಿಯಲ್ಲಿ ಯಾರೋ ಇಟ್ಟುಹೋಗಿದ್ದ ಒಣಗಿದ ದಾಸವಾಳದ ಕುಂಡ ಹೀಗೇ ಬಂತು. ಅಪಾರ್ಟ್‌ಮೆಂಟ್ ಸಿಗುವವರೆಗೆ ಎಂದುಕೊಂಡು ದೂರದ ಪರಿಚಯದ ಒಬ್ಬರು ಹೀಗೇ ಬಂದು, ನಮ್ಮ ಬೇಸ್‌ಮೆಂಟಿನಲ್ಲಿ ಇಡೀ ಬೇಸಿಗೆ ಕಳೆದು, ನನ್ನ ಸಾರಿಗೆ ಉಪ್ಪು ಸ್ವಲ್ಪ ಮುಂದು ಎಂದು ಹೇಳಿ ಹೋದರು. ಹಾಗಾಗಿ ನವೆಂಬರಿನ ಒಂದು ಶನಿವಾರ, ನ್ಯೂಯಾರ್ಕಿನ ಹತ್ತಿರದ ನಮ್ಮ ಎಡಿಸನ್ನಿನ ಮನೆಯಲ್ಲಿ, ಎಲೆ ಗುಡಿಸಲು ಹೋದವರು ಎರಡೂ ಕೈಯನ್ನು ಬೊಗಸೆ ಮಾಡಿಕೊಂಡು ಹಿಂಬಾಗಿಲಲ್ಲಿ ನಿಂತು, "ಸುಮಾ, ಸ್ವಲ್ಪ ಬಾ ಇಲ್ಲಿ" ಎಂದಾಗ ನಾನು ಮೊದಲು ಒಲೆ ಆರಿಸಿದೆ. ಇದು ಬೇಗ ಮುಗಿಯುವ ವಿಷಯವಲ್ಲ ಎಂದು ಆ ದನಿಯಲ್ಲೇ ಗೊತ್ತಾಗಿತ್ತು.

ಅವರ ಕೈಗವಸಿನ ಮೇಲೆ, ಹಾಗಲಕಾಯಿಯನ್ನು ಯಾರೋ ಉಂಡೆ ಕಟ್ಟಿದಂತೆ, ಮೈತುಂಬ ಮುಳ್ಳಿನ ಒಂದು ಜೀವ ಮುದುಡಿ ಕೂತಿತ್ತು. ಎಲೆಗಳ ರಾಶಿಯ ಅಡಿಯಲ್ಲಿ ಸಿಕ್ಕಿತಂತೆ. ಮುಟ್ಟಿದರೆ ಫ್ರಿಜ್ಜಿನಿಂದ ತೆಗೆದ ಹಿಟ್ಟಿನ ಹಾಗೆ ತಣ್ಣಗಿತ್ತು.

"ಮುಳ್ಳುಹಂದಿ ಮರಿ ಇರ್ಬೇಕು" ಎಂದರು ಇವರು.

ಅದು ಮುಳ್ಳುಹಂದಿಯಲ್ಲ, ಹೆಜ್‌ಹಾಗ್. ಮುಳ್ಳಿರುವುದೆಲ್ಲ ನಮ್ಮ ಬಾಯಲ್ಲಿ ಹಂದಿಯಾಗುತ್ತದೆ. ಇಂಗ್ಲಿಷಿನವರೂ ಇದಕ್ಕೆ ಹಂದಿಯ ಹೆಸರನ್ನೇ ಇಟ್ಟಿದ್ದಾರೆ. ಕನ್ನಡದಲ್ಲಿ ಮುಳ್ಳಿಲಿ ಎಂಬ ಮಾತೂ ಇದೆ, ಆದರೆ ಇದು ಹಂದಿಯೂ ಅಲ್ಲ, ಇಲಿಯೂ ಅಲ್ಲ. ಬಲ್ಲವರು ಇದನ್ನು ಸುಂಡಿಲಿಯ ನೆಂಟ ಅನ್ನುತ್ತಾರೆ, ಅದೇನೂ ದೊಡ್ಡ ಮರ್ಯಾದೆಯಲ್ಲ. ಮೈಮೇಲೆ ಮುಳ್ಳಿರುವವರಿಗೆ ಒಳ್ಳೆಯ ಹೆಸರು ಹುಡುಕುವ ತಾಳ್ಮೆ ಯಾವ ಭಾಷೆಗೂ ಇದ್ದಂತಿಲ್ಲ. ಇವರು ಅಲ್ಲೇ ನಿಂತು ಗುಂಡಣ್ಣ ಎಂದು ಹೆಸರಿಟ್ಟುಬಿಟ್ಟರು. ಹೆಸರಿಟ್ಟ ಮೇಲೆ ಮುಗಿಯಿತು. ಹೆಸರಿಟ್ಟದ್ದನ್ನು ಯಾರೂ ಮತ್ತೆ ಎಲೆಗಳ ಕೆಳಗೆ ಬಿಟ್ಟು ಬರುವುದಿಲ್ಲ.

ನಮಗೆ ಗೊತ್ತಿದ್ದ ಒಬ್ಬಳೇ ಪಶುವೈದ್ಯೆಗೆ ಫೋನ್ ಮಾಡಿದೆ. ಡಾಕ್ಟರ್ ನಾಜಿಯಾ, ಬೆಂಗಳೂರಿನ ಜಯನಗರದ ಹುಡುಗಿ. ನಾಯಿ ಬೆಕ್ಕುಗಳನ್ನು ಬೇರೆಯವರಿಗೆ ಬಿಟ್ಟು ಗಿಳಿ, ಆಮೆ, ಮೊಲಗಳಿಗೆ ಮದ್ದು ಮಾಡುವವಳು. ರಾಜ್ಯೋತ್ಸವದ ಊಟದಲ್ಲಿ ಪರಿಚಯವಾಗಿತ್ತು.

"ಆಂಟಿ, ಅದು ಮಲಗಿಲ್ಲ, ಚಳಿಗೆ ಶಟ್‌ಡೌನ್ ಆಗ್ತಾ ಇದೆ. ಈ ಜಾತಿದಕ್ಕೆ ಚಳಿಗಾಲ ಪೂರ್ತಿ ಮಲಗೋದಕ್ಕೆ ಬರಲ್ಲ. ಮಲಗಿದ್ರೆ ಏಳಲ್ಲ. ಬಿಸಿನೀರಿಗೆಲ್ಲ ಹಾಕ್‌ಬೇಡಿ. ನಿಮ್ಮ ಸ್ವೆಟರ್ ಒಳಗಿಟ್ಕೊಂಡು ಸೀದಾ ಡ್ರೈವ್ ಮಾಡ್ಕೊಂಡ್ ಬನ್ನಿ."

ಡ್ರೈವ್ ಮಾಡುವವರು ಇವರು. ಹಾಗಾಗಿ ಸ್ವೆಟರ್ ನನ್ನದಾಯಿತು.

ನಾಜಿಯಾ ತೂಗಿ ನೋಡಿ ತಲೆಯಾಡಿಸಿದಳು. ಇರಬೇಕಾದ ತೂಕದ ಅರ್ಧವೂ ಇರಲಿಲ್ಲ. ಮೈಯಲ್ಲಿ ಉಣ್ಣಿಯಂಥ ಹುಳ, ಹಿಂದಿನ ಎಡಗಾಲಿನಲ್ಲಿ ಒಂದು ಬೆರಳು ಮಾಯ, ಅದು ಹಳೆಯ ಗಾಯ. "ಗುಂಡಣ್ಣ ಅಲ್ಲ ಅಂಕಲ್, ಗುಂಡಮ್ಮ" ಎಂದೂ ಹೇಳಿದಳು. ಈ ದೇಶದ ಕಾಡಿನಲ್ಲಿ ಹೆಜ್‌ಹಾಗ್ ಇಲ್ಲವೇ ಇಲ್ಲ, ಆಫ್ರಿಕದ ಕಡೆಯದನ್ನು ಜನ ಮನೆಯಲ್ಲಿ ಸಾಕುತ್ತಾರೆ; ಅಂದರೆ ಇವಳು ಯಾರದೋ ಮನೆಯಿಂದ ಬಂದವಳು. ಊರಿನ ಪ್ರಾಣಿಗಳ ಶೆಲ್ಟರಿಗೆ ತಿಳಿಸಿದೆವು. ಅವರು ಫೋಟೋ ತೆಗೆದುಕೊಂಡು, ಇಂಥವಕ್ಕೆ ಬೇಕಾದ ಬೆಚ್ಚನೆಯ ಕೋಣೆ ತಮ್ಮಲ್ಲಿಲ್ಲ, ಮನೆಯವರು ಸಿಗುವವರೆಗೆ ನೀವೇ ಇಟ್ಟುಕೊಳ್ಳುವಿರಾ ಎಂದು ಕೇಳಿದರು.

"ಆಫ್ ಕೋರ್ಸ್, ವೀ ವುಡ್ ಲವ್ ಟು" ಎಂದರು ಇವರು.

ಈ ‘ವೀ’ ಬಗ್ಗೆ ಒಂದು ಮಾತು ಹೇಳಬೇಕು. ತಮಿಳು ತೆಲುಗಿನವರಿಗೆ ಎರಡು ‘ನಾವು’ ಇವೆ: ಕೇಳುವವರನ್ನು ಸೇರಿಸಿಕೊಂಡ ನಾವು, ಸೇರಿಸಿಕೊಳ್ಳದ ನಾವು. ಕನ್ನಡದಲ್ಲಿ ಒಂದೇ ನಾವು, ಅದರಲ್ಲೇ ಸಂಸಾರ ತೂಗಿಸುತ್ತೇವೆ. ಆದರೆ ಇಷ್ಟು ವರ್ಷದ ದಾಂಪತ್ಯದ ಅನುಭವದಲ್ಲಿ ಹೇಳುತ್ತೇನೆ, ಮೂರನೆಯದೊಂದು ಬೇಕಿತ್ತು: ಮಾತಾಡುತ್ತಿರುವ ಮನುಷ್ಯ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಇರುವ ನಾವು.

ಗುಂಡಮ್ಮನಿಗೆ ಮನೆ ಯಾವಾಗಲೂ ಎಪ್ಪತ್ತೈದು ಡಿಗ್ರಿ ಫ್ಯಾರನ್‌ಹೀಟ್ ಇರಬೇಕು. ಹೊರಗೆ ಹಿಮ ಬೀಳುವಾಗ ನಾನು ಒಳಗೆ ಹತ್ತಿ ಸೀರೆಯುಟ್ಟು ಬೀಸಣಿಗೆ ಬೀಸಿಕೊಂಡೆ. ಅವಳಿಗೆ ಓಡಲು ಚಕ್ರ ಬೇಕು. ಓಡುತ್ತಲೇ ಹೊಲಸು ಮಾಡುತ್ತಾಳೆ, ಮಾಡಿದ್ದನ್ನೇ ತುಳಿಯುತ್ತಾಳೆ, ಹಾಗಾಗಿ ದಿನಾ ಬೆಳಿಗ್ಗೆ ಚಕ್ರಕ್ಕೂ ಸ್ನಾನ, ಅವಳ ನಾಲ್ಕು ಕಾಲಿಗೂ ಸ್ನಾನ. ಸ್ನಾನ ಮಾಡಿಸುವವಳನ್ನು ನೋಡಿ ಬುಸುಗುಟ್ಟುತ್ತಾಳೆ. ಅನ್ನ ಇಡುವವಳನ್ನು ನೋಡಿಯೂ ಬುಸುಗುಟ್ಟುತ್ತಾಳೆ. ಇವರು ಸಂಜೆ ನ್ಯೂಯಾರ್ಕಿನಿಂದ ಬಂದು, ಅವಳಿದ್ದ ದೊಡ್ಡ ಪೆಟ್ಟಿಗೆಯೊಳಗೆ ಬಗ್ಗಿ, "ಏನ್ ಗುಂಡಮ್ಮ, ಊಟ ಆಯ್ತಾ?" ಎಂದು ವಿಚಾರಿಸಿ, ಒಂದು ಫೋಟೋ ತೆಗೆದು, ಟೀ ಕುಡಿಯಲು ಕೂರುತ್ತಿದ್ದರು. ರೈಲಿನಲ್ಲಿ ಜೊತೆಗೆ ಬರುವವರೆಲ್ಲ ಇವರ ದಯೆಯನ್ನು ಹೊಗಳುತ್ತಾರಂತೆ. ನ್ಯೂಯಾರ್ಕ್ ನಗರದಲ್ಲಿ ಹೆಜ್‌ಹಾಗ್ ಸಾಕುವುದೇ ಕಾನೂನಿಗೆ ವಿರುದ್ಧ ಎಂದು ನಾಜಿಯಾ ಒಮ್ಮೆ ಹೇಳಿದಾಗ, ನದಿಯಾಚೆಯವರು ಎಷ್ಟು ತಿಳಿವಳಿಕಸ್ಥರು ಎನಿಸಿತು.

ಇನ್ನು ಅವಳ ಊಟ. ನಮ್ಮದು ಮೊಟ್ಟೆಯೂ ಬಾರದ ಅಡುಗೆಮನೆ. ಅಲ್ಲಿಗೆ ಮೊದಲು ಕೋಳಿಯ ಚಿತ್ರವಿದ್ದ ಬೆಕ್ಕಿನ ಆಹಾರದ ಚೀಲ ಬಂತು. ಆಮೇಲೆ, ಬರೀ ಅದು ಸಾಲದು ಎಂದು ನಾಜಿಯಾ ಹೇಳಿದ್ದಕ್ಕೆ, ಜೀವಂತ ಹುಳುಗಳ ಡಬ್ಬಿ ಬಂದು ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಕೂತಿತು. ಸಂಕ್ರಾಂತಿಗೆ ಎಳ್ಳು ಬೀರಲು ಬಂದ ಧಾರವಾಡದ ಗೆಳತಿ ಶಶಿಕಲಾ, ಮೊಸರು ತೆಗೆಯಲು ಹೋದವಳು, ಹುಳುಗಳ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. ಅದನ್ನು ಮುಚ್ಚಿಟ್ಟು ಮೆಲ್ಲಗೆ, "ಸುಮಾ, ನಿಮ್ಮ ಶ್ಯಾವಿಗಿ ಹರದಾಡ್ಲಿಕ್ಕೆ ಹತ್ಯಾವಲ್ಲ" ಎಂದಳು. ಅವತ್ತು ಆಕೆ ನಮ್ಮ ಮನೆಯಲ್ಲಿ ಎಳ್ಳುಬೆಲ್ಲ ಬಿಟ್ಟು ಬೇರೇನೂ ತಿನ್ನಲಿಲ್ಲ. ಅದನ್ನೂ ಒಂದೊಂದೇ ಕಾಳು ಪರೀಕ್ಷಿಸಿ ತಿಂದಳು.

ಒಂದು ದಿನ ಸಾರಿಗೆ ಇಂಗಿನ ಒಗ್ಗರಣೆ ಹಾಕಿದ ಕೈಯಲ್ಲೇ ಗುಂಡಮ್ಮನನ್ನು ಎತ್ತಿಕೊಂಡೆ. ಅವಳು ನನ್ನ ಬೆರಳು ಮೂಸಿದಳು, ನೆಕ್ಕಿದಳು, ನೋಡನೋಡುತ್ತ ಬಾಯಲ್ಲಿ ನೊರೆ ಬಂತು. ಕತ್ತನ್ನು ಅಸಾಧ್ಯವಾಗಿ ಹಿಂದಕ್ಕೆ ತಿರುಚಿ ಆ ನೊರೆಯನ್ನೆಲ್ಲ ಬೆನ್ನಿನ ಮುಳ್ಳಿಗೆ ಬಳಿದುಕೊಳ್ಳತೊಡಗಿದಳು. ಹುಚ್ಚು ಹಿಡಿಯಿತೆಂದು ನಾನು ಫೋನ್ ಮಾಡಿದರೆ ನಾಜಿಯಾ ನಕ್ಕುಬಿಟ್ಟಳು.

"ಏನಿಲ್ಲ ಆಂಟಿ, ಹೊಸ ವಾಸನೆ ಸಿಕ್ರೆ ಹಂಗೇ ಮಾಡ್ತವೆ, ಮೈಗೆ ಹಚ್ಕೊಳ್ತವೆ. ನಿಮ್ಮ ಇಂಗು ಇಷ್ಟ ಆಗಿದೆ."

ನನ್ನ ಸಾರಿನ ಬಗ್ಗೆ ಬಹಳ ದಿನದ ಮೇಲೆ ಬಂದ ಒಳ್ಳೆಯ ಮಾತು ಅದೊಂದೇ.

ಫೆಬ್ರವರಿಯಲ್ಲಿ ಮಂಜುಗಡ್ಡೆಯ ಮಳೆ ಸುರಿಯಿತು. ಮಧ್ಯಾಹ್ನದ ಹೊತ್ತಿಗೆ ಎಲ್ಲೋ ಮರ ಬಿದ್ದು ನಮ್ಮ ಬೀದಿಯ ಕರೆಂಟ್ ಹೋಯಿತು. ರೈಲು ನಿಂತು ಇವರು ನ್ಯೂಯಾರ್ಕಿನಲ್ಲೇ ಸಿಕ್ಕಿಕೊಂಡರು. ಹೀಟರಿಲ್ಲದ ಮನೆ ಹೇಗೆ ತಣ್ಣಗಾಗುತ್ತದೆ ಎಂದರೆ, ಮೊದಲು ನೆಲ, ಆಮೇಲೆ ಗೋಡೆ, ಆಮೇಲೆ ಮೂಗು. ಪೆಟ್ಟಿಗೆಯಲ್ಲಿ ಕೈಯಿಟ್ಟೆ. ಗುಂಡಮ್ಮ ಬುಸುಗುಟ್ಟಲಿಲ್ಲ. ಆ ಮೌನದಷ್ಟು ಅವಳ ಯಾವ ಬುಸುಗುಟ್ಟುವಿಕೆಯೂ ನನ್ನನ್ನು ಹೆದರಿಸಿರಲಿಲ್ಲ. ಎತ್ತಿಕೊಂಡರೆ ಹೊಟ್ಟೆ ತಣ್ಣಗಿತ್ತು, ಕಾಲು ತಡವರಿಸುತ್ತಿತ್ತು.

ರಸ್ತೆಯೆಲ್ಲ ಗಾಜಿನ ಹಾಗಿತ್ತು, ಕ್ಲಿನಿಕ್ಕಿಗೆ ಹೋಗುವ ಹಾಗಿರಲಿಲ್ಲ. ಕಾರು ಡ್ರೈವ್‌ವೇಯಲ್ಲೇ ನಿಂತಿತ್ತು. ಹೊಗೆ ಕೊಳವೆಯ ಸುತ್ತಲಿನ ಹಿಮವನ್ನು ಸಲಿಕೆಯಿಂದ ಬಿಡಿಸಿ, ಎಂಜಿನ್ ಹಾಕಿ, ಹೀಟರ್ ಜೋರು ಮಾಡಿ, ಅವಳನ್ನು ಸ್ವೆಟರಿನೊಳಗೆ ಹೊಟ್ಟೆಗೆ ಅವುಚಿಕೊಂಡು, ಮೇಲೆ ಶಾಲು ಸುತ್ತಿ ಕೂತೆ. ಮುಳ್ಳು ಚುಚ್ಚುತ್ತಿತ್ತು. ಇವರಿಗೆ ಫೋನ್ ಮಾಡಿದೆ.

"ಹೇಗಿದಾಳೆ?" ಎಂದರು.

"ನಾನು ಹೇಗಿದೀನಿ ಅಂತ ಕೇಳಿ ಮೊದಲು" ಎಂದು ಇಟ್ಟುಬಿಟ್ಟೆ.

ಆಮೇಲೆ ಮಾತಾಡಲು ಅವಳೊಬ್ಬಳೇ ಉಳಿದದ್ದು. ಎಲ್ಲ ಹೇಳಿದೆ. ನೀನು ಬಂದು ನನ್ನ ಅಡುಗೆಮನೆ ಮೈಲಿಗೆಯಾಯಿತು, ಶಶಿಕಲಾ ನಮ್ಮ ಮನೆಗೆ ಬರುವುದು ಬಿಟ್ಟಳು, ನನಗೆ ಒಂದು ದಿನ ಒಬ್ಬಳೇ ಎಲ್ಲಾದರೂ ಹೋಗಿ ಬರೋಣವೆಂದರೆ ನಿನ್ನ ಚಕ್ರ ತೊಳೆಯುವವರಿಲ್ಲ. ಇಷ್ಟೆಲ್ಲ ಮಾಡಿಸಿಕೊಂಡು ಈಗ ಸಾಯುತ್ತೇನೆ ಅಂತೀಯಲ್ಲ, ನಾಚಿಕೆಯಾಗಬೇಕು ನಿನಗೆ. ಯಾರದೋ ಪ್ರಾಣಿ, ಯಾವ ದೇಶದ್ದೋ ಜಾತಿ, ನನ್ನನ್ನು ಕಂಡರೆ ಆಗದವಳು. ಅವಳಿಗಾಗಿ ನಾನು ಎಡಿಸನ್ನಿನ ಡ್ರೈವ್‌ವೇಯಲ್ಲಿ ಕೂತು ಅಳುತ್ತಿದ್ದೆ, ಎದುರು ಮನೆಯವರು ಕಿಟಕಿಯಿಂದ ನೋಡುತ್ತಿದ್ದರು.

ಕತ್ತಲಾಗುವ ಹೊತ್ತಿಗೆ ಹೊಟ್ಟೆಯ ಮೇಲೆ ಏನೋ ಮಿಸುಕಿತು. ಮುದ್ದೆ ಬಿಚ್ಚಿಕೊಂಡಿತು, ತಣ್ಣನೆಯ ಮೂಗು ತಾಗಿತು. ಕೃತಜ್ಞತೆಯೇ ಇರಬೇಕೆಂದು ನಾನು ಉಸಿರು ಬಿಗಿಹಿಡಿದೆ. ಅವಳು ಕಚ್ಚಿದಳು. ಸುಮ್ಮನೆ ಅಲ್ಲ, ಸರಿಯಾಗಿ ಕಚ್ಚಿದಳು.

"ಕಚ್ಚಿದ್ಲಾ? ಗುಡ್ ಸೈನ್ ಆಂಟಿ. ಬದುಕ್ಕೊಂಡ್ಲು" ಎಂದಳು ನಾಜಿಯಾ ಫೋನಿನಲ್ಲಿ.

ಏಪ್ರಿಲ್ ಹೊತ್ತಿಗೆ ಗುಂಡಮ್ಮ ಹೆಸರಿಗೆ ತಕ್ಕವಳಾದಳು. ಆಗ ಬಾಗಿಲು ತಟ್ಟಿದ್ದು ಡೊರೊಥಿ. ಎಂಬತ್ತರ ಆಸುಪಾಸಿನ ಹೆಂಗಸು, ಎರಡು ಬೀದಿ ಆಚೆಯವರು, ವಾಕರ್ ಹಿಡಿದು ಬಂದಿದ್ದರು. ಲೈಬ್ರರಿಯಲ್ಲಿ ನಮ್ಮವರು ಅಂಟಿಸಿದ್ದ ಫೋಟೋ ನೋಡಿದರಂತೆ. ಅಷ್ಟು ಕೆಲಸ ಇವರು ಮಾಡಿದ್ದರು, ಸುಳ್ಳು ಹೇಳಬಾರದು. ಡೊರೊಥಿ ಶರತ್ಕಾಲದಲ್ಲಿ ಬಿದ್ದು ಸೊಂಟದ ಮೂಳೆ ಮುರಿದು ಆಸ್ಪತ್ರೆ, ಆಮೇಲೆ ಆರೈಕೆಯ ಮನೆ ಎಂದು ಚಳಿಗಾಲವೆಲ್ಲ ಹೊರಗೇ ಇದ್ದರು. ಪ್ರಾಣಿಯನ್ನು ನೋಡಿಕೊಳ್ಳುತ್ತೇನೆಂದಿದ್ದ ಅಣ್ಣನ ಮಗ ಪಂಜರವನ್ನು ಹೊರಗಿಟ್ಟು ತೊಳೆಯುವಾಗ ಬಾಗಿಲು ಹಾಕಲು ಮರೆತ, ಹೇಳಲು ಧೈರ್ಯವಿಲ್ಲದೆ ತಿಂಗಳುಗಟ್ಟಲೆ ಚೆನ್ನಾಗಿದೆ ಚೆನ್ನಾಗಿದೆ ಎನ್ನುತ್ತಿದ್ದ.

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ನಿಮ್ಮದೇ ಅನ್ನುವುದಕ್ಕೆ ಗುರುತೇನು ಎಂದು ಪೊಲೀಸಿನವಳಂತೆ ಕೇಳಿದೆ. "ಹಿಂದಿನ ಎಡಗಾಲಲ್ಲಿ ಒಂದು ಬೆರಳಿಲ್ಲ" ಎಂದರು ಡೊರೊಥಿ. "ಹೆಸರು ಡಚೆಸ್." ರಾಜಮನೆತನದವಳಂತೆ. ಹಾಗಾದರೆ ನಮ್ಮನ್ನು ಆಳುಕಾಳುಗಳೆಂದುಕೊಂಡದ್ದು ಅವಳ ತಪ್ಪಲ್ಲ.

ತಂದು ಅವರ ಮಡಿಲಲ್ಲಿ ಇಟ್ಟೆ. ಡಚೆಸ್ ಮುಳ್ಳು ನಿಮಿರಿಸಿ ಜೋರಾಗಿ ಬುಸುಗುಟ್ಟಿದಳು. ಡೊರೊಥಿಯ ಮುಖ ಅರಳಿತು. ನಾಲ್ಕು ವರ್ಷದಿಂದ ಹೀಗೇ, ಒಂದು ದಿನವೂ ನನ್ನನ್ನು ಇಷ್ಟಪಟ್ಟವಳಲ್ಲ ಎಂದು ಹೆಮ್ಮೆಯಿಂದ ಹೇಳಿಕೊಂಡು ಕಣ್ಣೊರೆಸಿಕೊಂಡರು. ಚಕ್ರ, ಶಾಖದ ದೀಪ, ಹುಳುಗಳ ಡಬ್ಬಿ ಎಲ್ಲ, ಹೊರಗೆ ಕಾಯುತ್ತಿದ್ದ ಅವರ ಅಣ್ಣನ ಮಗನ ಕಾರಿಗಿಟ್ಟು ಕಳಿಸಿದೆವು. ಇವರು ಬಹಳ ಹೊತ್ತು ಕೈಬೀಸುತ್ತ ನಿಂತಿದ್ದರು. ನಾನು ಒಳಗೆ ಹೋಗಿ ಫ್ರಿಜ್ಜನ್ನು ಮೂರು ಸಲ ತೊಳೆದೆ.

ವಾರ ಕಳೆದಿರಲಿಲ್ಲ, ಸಂಜೆ ಡೊರೊಥಿಯ ಫೋನ್. ಡಚೆಸ್ ಊಟ ಬಿಟ್ಟಿದ್ದಾಳೆ. ನಾಜಿಯಾ ನೋಡಿ ಕಾಯಿಲೆಯೇನಿಲ್ಲ, ಮನೆ ಬದಲಾದದ್ದಕ್ಕೆ ಇರಬೇಕು ಎಂದಿದ್ದಾಳೆ. ಅವಳು ಊಟ ಮಾಡುವಾಗ ನೀನೇನು ಮಾಡುತ್ತಿದ್ದೆ ಎಂದು ಕೇಳಿದರು. ಏನಿಲ್ಲ ಎಂದೆ. ಆಮೇಲೆ ನೆನಪಾಗಿ ನಾಚಿಕೆಯಾಯಿತು. ಬಟ್ಟಲು ಇಟ್ಟು, ಪಕ್ಕದಲ್ಲೇ ಚಕ್ರ ಉಜ್ಜುತ್ತ, ನಾನು ಬೈಯುತ್ತಿದ್ದೆ. ಅವಳನ್ನು, ಹವಾಮಾನವನ್ನು, ನಾನು ಮನೆಯಿಂದಲೇ ಮಾಡುವ ಆಫೀಸು ಕೆಲಸದ ಮ್ಯಾನೇಜರನ್ನು, ಮುಖ್ಯವಾಗಿ ಇವರನ್ನು. ಬೈಗುಳ ಮುಗಿಯುವಷ್ಟರಲ್ಲಿ ಬಟ್ಟಲು ಖಾಲಿಯಾಗಿರುತ್ತಿತ್ತು. ಅದನ್ನೇ ಹೇಳಿದೆ.

"ಹಾಗಾದರೆ ಈಗಲೂ ಬೈದುಬಿಡು" ಎಂದು ಡೊರೊಥಿ ಫೋನನ್ನು ಸ್ಪೀಕರಿಗೆ ಹಾಕಿ ಬಟ್ಟಲಿನ ಪಕ್ಕ ಇಟ್ಟರು.

ಮೊದಲು ಸಂಕೋಚದಿಂದ, ಮರ್ಯಾದೆಯಾಗಿ ಶುರುಮಾಡಿದೆ. ಏನೂ ಆಗಲಿಲ್ಲ. ಆಮೇಲೆ ನಿಜವಾಗಿಯೇ ಸಿಟ್ಟು ಬಂತು. "ಏನೇ ಗುಂಡಮ್ಮ, ಏನಂದ್ಕೊಂಡಿದೀಯ ನಿನ್ನ? ಪಾಪ ಆಯಮ್ಮ ಸೊಂಟ ಮುರ್ಕೊಂಡು ಎದ್ದು ಬಂದು ತಟ್ಟೆ ಇಟ್ರೆ ಮುಖ ತಿರುಗಿಸ್ತೀಯಾ? ನಿನಗೋಸ್ಕರ ನಾನು ಪಡದೇ ಇರೋ ಪಾಡಿಲ್ಲ, ತೂಕ ಇಳಿಸ್ಕೊಂಡು ನೋಡು, ಅಲ್ಲಿಗೇ ಬರ್ತೀನಿ." ಆ ಕಡೆಯಿಂದ ಕಟುಂ ಕಟುಂ ಎಂದು ಸದ್ದು ಬಂತು. ನಿಲ್ಲಿಸಬೇಡ, ಮುಂದುವರಿಸು ಎಂದು ಡೊರೊಥಿ ಪಿಸುಗುಟ್ಟಿದರು.

ನಮ್ಮಮ್ಮ ಯಾವತ್ತೂ ನೀನು ಹೇಗಿದ್ದೀಯ ಎಂದು ಕೇಳಿದವಳಲ್ಲ. ಏನು ಕಡ್ಡಿಯಾಗಿದ್ದೀಯ, ಏನು ಬಂದಿದೆ ನಿನಗೆ ರೋಗ ಎನ್ನುತ್ತಿದ್ದಳು, ಎರಡನೇ ಸಲ ಅನ್ನ ಬಡಿಸುತ್ತಿದ್ದಳು. ನಮಗೆ ಹೊಟ್ಟೆ ತುಂಬುತ್ತಿತ್ತು. ಮಾತಿನ ಮುಳ್ಳು ಯಾವುದು, ಅದರ ಕೆಳಗಿನ ಮೆತ್ತನೆಯ ಹೊಟ್ಟೆ ಯಾವುದು ಎಂದು ತಿನ್ನುತ್ತಿರುವವರಿಗೆ ಹೇಗೋ ಗೊತ್ತಾಗುತ್ತದೆ.

ಈಗ ದಿನಾ ಸಂಜೆ ಹತ್ತು ನಿಮಿಷ ಫೋನಿನಲ್ಲಿ ಬೈಯುವುದು ನನ್ನ ಕೆಲಸ. ಮೊನ್ನೆ ಹಾಗೇ ಬೈಯುತ್ತಿದ್ದಾಗ ಇವರು ಆಫೀಸಿನಿಂದ ಬಂದು ಶೂ ಬಿಚ್ಚುತ್ತ, "ಯಾರಿಗೇ ಅಷ್ಟೊಂದು ಬೈತಾ ಇದೀಯ?" ಎಂದು ಕೇಳಿದರು.

"ನಿಮಗಲ್ಲ" ಎಂದೆ.

"ಓ" ಎಂದರು. ಸ್ವಲ್ಪ ನಿರಾಸೆಯಾದಂತಿತ್ತು.