ಮುಸುಕು ತೆಗೆದ ಹರಳುಗಿಡ

"ಝಮಕುಗೆ ಮನೇಲಿ ಸೊಸೆ ಇಲ್ಲ ನೋಡಿ, ಅದಕ್ಕೇ ಹರಳುಗಿಡಕ್ಕೆ ಮುಸುಕು ಹಾಕ್ತಾಳೆ" ಎಂದು ಓಣಿಯ ಹೆಂಗಸರು ನಗುತ್ತಿದ್ದರು. ಪಕ್ಕದ ಮನೆಯ ಮೋಂಘಿಯಂತೂ ಸಂಜೆ ಬಾಗಿಲಲ್ಲೇ ಕಾದಿರುವಳು.

"ಏನೇ ಅತ್ತೆಮ್ಮ, ಇವತ್ತು ಎಷ್ಟು ಸೊಸೆಯರ ಮಾನ ಕಾಪಾಡ್ದೆ?"

"ನೂರಾ ಹತ್ತು. ಒಬ್ಬಳಿಗೂ ನಿನ್ನಷ್ಟು ಬಾಯಿಲ್ಲ ಬಿಡು."

ಸುಳ್ಳೇನಲ್ಲ. ಬನಾಸ್ ನದಿಯಾಚೆ, ಹೊಸ ತಳಿ ಬೆಳೆಸುವ ಸಾಹೇಬರ ಬೀಜದ ಹೊಲದಲ್ಲಿ ಅವಳದು ಅದೇ ಕೆಲಸ. ಹೂಗೊನೆ ಬಿರಿಯುವ ಮೊದಲೇ ಕಾಗದದ ಚೀಲ ತೊಡಿಸಬೇಕು; ಬೇರೆ ಗಿಡದ ಪರಾಗ ಸೋಕಬಾರದು. ಹೆಂಗಸರು ಅದನ್ನು 'ಲಾಜು ಹೊದಿಸೋದು' ಎನ್ನುತ್ತಿದ್ದರು. ಮಾವನೆದುರು ತಾವು ಎಳೆದುಕೊಳ್ಳುವ ಮುಸುಕಿಗೂ ಅದೇ ಹೆಸರು.

ಒಂದು ವರ್ಷ ಚೀಲ ಬಿಚ್ಚಿದಾಗ ಏಳನೇ ಸಾಲಿನ ಒಂದು ಗೊನೆಯಲ್ಲಿ ಒಂದೇ ಒಂದು ಕಾಯಿಲ್ಲ. ಮೇಸ್ತ್ರಿ ಗಲಬಾಜಿ ಗಿಡದ ಬುಡಕ್ಕೆ ಕೈ ಹಾಕಿದ.

"ಬಂಜೆ ಇದು. ಕಿತ್ತೆಸಿ."

ಝಮಕು ಅವನ ಕೈ ಹಿಡಿದಳು. ಅದೇ ಮಾತು ಹೇಳಿ ಅವಳನ್ನೂ ಗಂಡನ ಮನೆಯವರು ಹದಿನೆಂಟಕ್ಕೇ ತವರಿಗಟ್ಟಿದ್ದರು.

"ಹುಟ್ಟಿದಾಗಿಂದ ಮುಸುಕಲ್ಲೇ ಇಟ್ಟು ಬಂಜೆ ಅಂದ್ರೆ ಹೆಂಗೆ ಗಲಬಾಭಾಯಿ? ಮುಂದಿನ ಗೊನೆ ಬರ್ಲಿ. ಅದಕ್ಕೆ ಲಾಜು ಹೊದಿಸಲ್ಲ ನಾನು."

"ಸಾಹೇಬರಿಗೆ ಗೊತ್ತಾದ್ರೆ ನಿನ್ನನ್ನೇ ಕಿತ್ತೆಸೀತಾರೆ."

"ಎಸೀಲಿ. ನಂಗದು ಹೊಸದಾ?"

ಎರಡನೇ ಗೊನೆ ಬಿರಿಯಿತು. ಝಮಕು ಬಗ್ಗಿ ನೋಡಿದಳು, ಕೂತು ನೋಡಿದಳು. ಯಾವ ಹರಳುಗೊನೆಯಲ್ಲೂ ಬುಡಕ್ಕೆ ಹಳದಿ ಗಂಡುಹೂ, ತುದಿಗೆ ಕೆಂಪು ಹೆಣ್ಣುಹೂ. ಇದರಲ್ಲಿ ಬುಡದಿಂದ ತುದಿಯವರೆಗೂ ಬರೀ ಕೆಂಪು! ಮುಸುಕಿನೊಳಗೆ ಪಾಪ, ಗಂಡೇ ಇಲ್ಲದೆ ಅದು ಕಾಯಿ ಕಟ್ಟುವುದಾದರೂ ಹೇಗೆ? ಈಗ ಗಾಳಿ ಪಕ್ಕದ ಸಾಲಿನ ಪರಾಗ ತಂದಿತು. ತಿಂಗಳೊಪ್ಪತ್ತಿನಲ್ಲಿ ಮೊಳಕೈಯುದ್ದದ ಗೊನೆ, ಬೆರಳಿಡಲು ಜಾಗವಿಲ್ಲದಂತೆ ಮುಳ್ಳುಗಾಯಿ.

ಸಾಹೇಬ ಹರಿವದನರಾಯ್ ಬಂದವರು ಕಾಯಿ ಎಣಿಸತೊಡಗಿದರು. ನಡುವೆ ಲೆಕ್ಕ ತಪ್ಪಿತು. ಮತ್ತೆ ಎಣಿಸಿದರು, ಮತ್ತೆ ತಪ್ಪಿತು. ಇಸ್ತ್ರಿಯ ಪ್ಯಾಂಟಿನಲ್ಲೇ ಮಣ್ಣಿಗೆ ಕೂತುಬಿಟ್ಟರು.

"ಬರೀ ಹೆಣ್ಣು... ಓದಿದ್ದೆ ಝಮಕುಬೆನ್, ನಮ್ಮ ಮಣ್ಣಲ್ಲಿ ಕಂಡಿರ್ಲಿಲ್ಲ. ಇದನ್ನ ಉಳಿಸಿದೋರು ಯಾರು?"

ಗಲಬಾಜಿ ಆಕಾಶ ನೋಡಿದ.

ಆ ಗಿಡದ ಬೀಜ ಬಿತ್ತಿ, ಹಳದಿ ಮೊಗ್ಗು ತೋರಿದ್ದನ್ನೆಲ್ಲ ಅರಳುವ ಮೊದಲೇ ಕಿತ್ತು, ಏಳು ವರ್ಷ ಸೋಸಿದರು. ಬೆಳಗಿನ ಮಂಜಿನಲ್ಲಿ ಆ ಮೊಗ್ಗು ಮೊದಲು ಕಾಣುತ್ತಿದ್ದದ್ದು ಝಮಕುವಿನ ಕಣ್ಣಿಗೇ. ಆಮೇಲೆ ಬೇರೆ ತಳಿಯ ಗಂಡುಸಾಲಿನ ನಡುವೆ ನೆಟ್ಟು ಮಿಶ್ರತಳಿಯ ಬೀಜ ತೆಗೆದರು. ಸಾಹೇಬರ ಪುಸ್ತಕದಲ್ಲಿ ತಾಯಿಗಿಡಕ್ಕೊಂದು ನಂಬರು. ಊರಿನವರ ಬಾಯಲ್ಲಿ ಅದು 'ಝಮಕುವಿನ ಸೊಸೆ'. ಸೊಸೆಯ ಮಕ್ಕಳು ಮೋಂಘಿಯ ಹೊಲಕ್ಕೂ ಬಂದವು. ಹಿಂದೆ ಒಂದು ಚೀಲ ಬೆಳೆದಲ್ಲಿ ಎರಡು. ಮೋಂಘಿ ಮೊದಲ ಬೊಗಸೆ ಕಾಳನ್ನು ತಂದು ಝಮಕುವಿನ ಮಡಿಲಿಗೆ ಸುರಿದಳು.

ಝಮಕು ಕಡೆಯ ಸಲ ಮನೆ ಬಿಟ್ಟಿದ್ದು ಒಂದು ಮಾಘದ ಬೆಳಗ್ಗೆ, ನಾಲ್ಕು ಹೆಗಲ ಮೇಲೆ. ಮುಖಕ್ಕೆ ಬಟ್ಟೆ ಎಳೆಯಲು ಹೋದವರ ಕೈಯನ್ನು ಮೋಂಘಿ ತಡೆದಳು: "ಬೇಡ. ಅವಳಿಗೆ ಲಾಜು ಹೊದಿಸ್ಬೇಡಿ." ಓಣಿ ದಾಟಿದರೆ ಎರಡೂ ಕಡೆ ಹರಳಿನ ಹೊಲ. ಕಾಲುದಾರಿಗೆ ಬಾಗಿದ ಗೊನೆಗಳು ಎಷ್ಟು ತುಂಬಿದ್ದವೆಂದರೆ, ಹೊತ್ತವರು ಚಟ್ಟವನ್ನು ಹೆಗಲಿನಿಂದ ತಲೆಯ ಮೇಲಕ್ಕೆತ್ತಿ ನಡೆಯಬೇಕಾಯಿತು.