ತಮ್ಮನ ನೌಕಾಪಡೆಗೆ ಬಲಗೈಯಾಗಿ

ಒಂದಿಡೀ ನೌಕಾಪಡೆಯನ್ನು ಉಪವಾಸ ಕೆಡವಿದವಳು ನಾನು. ಮೂಡಬಿದಿರೆಯಿಂದ ಅಳದಂಗಡಿಗೆ ಹೋಗುವ ಬಸ್ಸಿನ ತಿರುವುಗಳಲ್ಲೇ ಹೊಟ್ಟೆ ತೊಳಸುವ ಹೆಂಗಸು ಸಮುದ್ರ ದಾಟಿ ಕೋಟೆ ಹಿಡಿಯಲು ಹೊರಟರೆ ಇನ್ನೇನಾದೀತು?

ಯುದ್ಧ ನಡೆದದ್ದು ನನ್ನ ತಮ್ಮ ಜಯಂತನ ಲ್ಯಾಪ್‌ಟಾಪಿನಲ್ಲಿ. ಗಲ್ಫಿನಲ್ಲಿ ಕೆಲಸಕ್ಕಿದ್ದ ಅವನು ಪಾರ್ಶ್ವವಾಯು ಬಡಿದು ಅಳದಂಗಡಿಯ ಮನೆಗೆ ಮರಳಿದ್ದ. ಬಲಗೈ ಏಳುತ್ತಿರಲಿಲ್ಲ. ಎಲ್ಲ ಅರ್ಥವಾಗುತ್ತಿತ್ತು, ಬೇಕಾದ ಪದ ಮಾತ್ರ ಬಾಯಿಗೆ ಬಾರದೆ ಪಕ್ಕದ್ದು ಬರುತ್ತಿತ್ತು. ಚಾ ಬೇಕೆಂದರೆ ಚಮಚ ಎನ್ನುತ್ತಿದ್ದ. ನೆಂಟರೆದುರು ಹೀಗಾದ ಮೇಲೆ ನಾಚಿ ಬಾಯಿಯನ್ನೇ ಮುಚ್ಚಿದ. ಮಾತಾಡಿಸಿ ಎಂದು ಡಾಕ್ಟರು ಹೇಳಿದ್ದೇನೋ ಸರಿ. ಆದರೆ ನಾವು ಕೇಳುತ್ತಿದ್ದುದು ‘ಊಟ ಆಯ್ತಾ, ಚಳಿ ಉಂಟಾ’ ಎಂದು. ಅದಕ್ಕೆ ತಲೆ ಅಲ್ಲಾಡಿಸಿದರೆ ಸಾಕು!

“ಅಲ್ಲಿರುವಾಗ ರಜೆಯಲ್ಲಿ ಇದನ್ನೇ ಆಡ್ತಿದ್ರು ಅತ್ತಿಗೆ,” ಎಂದು ಅವನ ಹೆಂಡತಿ ಶೋಭಾ ಲ್ಯಾಪ್‌ಟಾಪ್ ತೆರೆದಳು. ರಾಜರು, ಕೋಟೆಗಳು, ಕುದುರೆಗಳು. ಒಂದು ದ್ವೀಪದ ಕೋಟೆ ಮಾತ್ರ ಗೆಲ್ಲಲು ಬಾಕಿ. ನಾನು ಮೌಸ್ ಹಿಡಿದು, “ಹೇಳು ಮಾರಾಯ, ಏನು ಮಾಡ್ಬೇಕು?” ಎಂದೆ. ಹೇಳದೆ ಅವನಿಗೆ ಗತಿಯಿರಲಿಲ್ಲ. ನನಗೆ ಆಟ ಬರುತ್ತಿರಲಿಲ್ಲ.

ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವಳು. ‘ಪೋರ್ಚುಗೀಸರು ಸಮುದ್ರಮಾರ್ಗವಾಗಿ ಬಂದರು’ ಎಂದು ವರ್ಷಗಟ್ಟಲೆ ಹೇಳಿದ್ದೇನೆ. ಹೇಗೆ ಬಂದರು, ಏನು ತಿಂದು ಬಂದರು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ನಮ್ಮ ಕನ್ನಡದಲ್ಲಿ ‘ಬಂದರು’ ಎಂದರೆ ಹಡಗು ನಿಲ್ಲುವ ಜಾಗವೂ ಹೌದು. ಅಲ್ಲಿ ಏನೇನು ತುಂಬಿಸಬೇಕೆಂಬುದು ನನಗೆ ತಿಳಿದದ್ದು ಆಗಲೇ.

ಕುದುರೆ ತುಂಬಿಸಿದೆ, ಕಲ್ಲೆಸೆಯುವ ಯಂತ್ರ ತುಂಬಿಸಿದೆ. ಜಯಂತ ಚಡಪಡಿಸುತ್ತ “ಬಾಳೆ, ಬಾಳೆ” ಎಂದ.

“ಹಡಗಿನಲ್ಲಿ ಬಾಳೆಎಲೆ ಯಾಕೆ? ಮದುವೆ ಊಟವಾ?” ಎಂದು ನಾನು ಹಡಗು ಬಿಟ್ಟೇಬಿಟ್ಟೆ.

ಅವನು ಹುಡುಕುತ್ತಿದ್ದುದು ‘ಅಕ್ಕಿ’ ಎಂಬ ಪದವನ್ನು. ದ್ವೀಪ ಕಾಣುವ ಹೊತ್ತಿಗೆ ಸೈನಿಕರಲ್ಲಿ ಅರ್ಧದಷ್ಟು ಜನ ಹಸಿವಿನಿಂದ ಸತ್ತಿದ್ದರು. ಉಳಿದವರಿಗೆ ಕತ್ತಿ ಎತ್ತುವ ತ್ರಾಣವಿರಲಿಲ್ಲ. ನಾನು ಕಂಗಾಲಾಗಿ ತಿರುಗಿ ನೋಡಿದರೆ ತಮ್ಮ ನಗುತ್ತಿದ್ದ, ಕಣ್ಣಲ್ಲಿ ನೀರು ಬರುವಷ್ಟು. ಕಾಯಿಲೆ ಬಿದ್ದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಮುಂದೆ ಪ್ರತಿ ಭಾನುವಾರ ನಮ್ಮದು ಇದೇ ಸಿದ್ಧತೆ. ಗಾಳಿ, ಅಕ್ಕಿ, ನೀರು, ಏಣಿ ಎಂದು ಒಂದೊಂದೇ ಪದವನ್ನು ಅವನು ಹೆಕ್ಕಿ ತರುತ್ತಿದ್ದ. ತಪ್ಪು ಪದ ಬಂದರೆ ನಾಚಲು ಪುರುಸೊತ್ತಿರಲಿಲ್ಲ; ಸೈನ್ಯ ಕಾಯುತ್ತಿತ್ತಲ್ಲ.

ಕೊನೆಗೊಂದು ಮಧ್ಯಾಹ್ನ ಪಡೆ ಮತ್ತೆ ದ್ವೀಪ ಮುಟ್ಟಿತು. ನಾನು ಹುರುಪಿನಲ್ಲಿ ನೇರ ಕೋಟೆಬಾಗಿಲಿಗೇ ಹಡಗು ತಿರುಗಿಸಿದೆ.

“ಅಕ್ಕಾ, ಅಲ್ಲಿ ಇಳಿಸ್ಬೇಡ! ಮೇಲಿಂದ ಕಲ್ಲು ಹಾಕ್ತಾರೆ, ಹಿಂದಿನಿಂದ ಹೋಗುವ! ನಿನಗೆ ಕಣ್ಣು ಕಾಣುದಿಲ್ವಾ ಮಾರಾಯ್ತಿ?”

ಹೇಳಿದ್ದು ತುಳುವಿನಲ್ಲಿ, ಕನ್ನಡಕ್ಕೆ ತರುವಾಗ ಒಂದೆರಡು ಬೈಗುಳ ಬಿಟ್ಟಿದ್ದೇನೆ. ಶೋಭಾ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಓಡಿಬಂದಳು. ನನ್ನ ಕೈ ಮೌಸಿನ ಮೇಲೆ ಹಾಗೇ ನಿಂತಿತ್ತು. ಮೇಲಿಂದ ಕಲ್ಲು ಬಿದ್ದು ಹಡಗುಗಳು ಒಂದೊಂದಾಗಿ ಮುಳುಗಿದವು. ಆ ಸೋಲನ್ನು ಮೂವರೂ ಕಣ್ಣೊರೆಸಿಕೊಳ್ಳುತ್ತ ನೋಡಿದೆವು. ಜೀವಮಾನದಲ್ಲಿ ನಾನು ತಿಂದ ಬೈಗುಳಗಳಲ್ಲಿ ಕೃತಜ್ಞಳಾಗಿರುವುದು ಅದೊಂದಕ್ಕೆ.

ಈಗ ಜಯಂತ ನಿಧಾನವಾಗಿ, ಆದರೆ ಧಾರಾಳವಾಗಿ ಮಾತಾಡುತ್ತಾನೆ. ಎಡಗೈಯಲ್ಲಿ ಮೌಸ್ ಹಿಡಿಯಲು ಕಲಿತಿದ್ದಾನೆ. ಮೊನ್ನೆ ಹೋದಾಗ ಒಬ್ಬನೇ ಹಡಗು ಕಟ್ಟುತ್ತಿದ್ದ.

“ಹಾಗಾದ್ರೆ ಇನ್ನು ನಾನು ಬೇಡ,” ಎಂದೆ, ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ.

ಅವನು ಪರದೆಯಿಂದ ಕಣ್ಣು ತೆಗೆಯದೆ, ಪಕ್ಕದ ಕುರ್ಚಿಯನ್ನು ಕಾಲಿನಿಂದ ನನ್ನತ್ತ ದೂಡಿದ.

“ಕೂತ್ಕೋ ಅಕ್ಕ. ಮಾತಾಡ್ಲಿಕ್ಕೆ ಜನ ಬೇಕಲ್ಲ.”